ಸ್ವೆಟರ್ ಅಂಗಡಿಯವರೂ ಭೂಮಿಯ ಜ್ವರವೂ

ಮೊನ್ನೆ ಹಳೆಯ ಟ್ರಂಕು ತೆಗೆದಾಗ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಕೂಡಲೇ ಎಂ.ಸಿ.ಸಿ. ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಸಾಹುಕಾರರು ನೆನಪಾದರು. ತೊಂಬತ್ತರ ದಶಕದ ಕೊನೆಯ ವರ್ಷಗಳವು. ದಾವಣಗೆರೆಯಂಥ ಬಿಸಿಲೂರಿನಲ್ಲಿ ಅವರು ಮಾರುತ್ತಿದ್ದುದು ಸ್ವೆಟರು, ಮಫ್ಲರು, ಮಂಕಿ ಕ್ಯಾಪು. ಅವರು ಬೀದಿಯ ತಿರುವಿನಲ್ಲಿರುವಾಗಲೇ ನುಸಿಗುಳಿಗೆಯ ವಾಸನೆ ನಮ್ಮ ಗೇಟು ಮುಟ್ಟುತ್ತಿತ್ತು...

ಅವರ ಬಾಲ್ಯದ ಗೆಳೆಯರೊಬ್ಬರು ಹರಿಹರದಲ್ಲಿ ಭೂಗೋಳದ ಮೇಷ್ಟ್ರು. ಭಾನುವಾರ ಸ್ಕೂಟರಿನಲ್ಲಿ ಬಂದು, ಮಂಡಕ್ಕಿ ಮೆಲ್ಲುತ್ತಾ, ಮನುಷ್ಯ ಬಿಟ್ಟ ಹೊಗೆಯಿಂದ ಭೂಮಿ ಕಾಯುತ್ತಿದೆ, ಇದು ಹಗುರವಾಗಿ ತಗೊಳ್ಳುವ ವಿಷಯವಲ್ಲ ಎನ್ನುತ್ತಿದ್ದರು. ಸಾಹುಕಾರರಿಗೆ ಅದು ತಮ್ಮ ಅಂಗಡಿಗೇ ಹಾಕಿದ ಶಾಪದಂತೆ ಕೇಳುತ್ತಿತ್ತು. ಬಿಸಿಲು ಒಂದು ವರ್ಷ ಹೆಚ್ಚು, ಒಂದು ವರ್ಷ ಕಡಿಮೆ. ಇಷ್ಟು ದೊಡ್ಡ ಭೂಮಿಯನ್ನು ನಿನ್ನ ಸ್ಕೂಟರಿನ ಹೊಗೆ ಏನು ಮಾಡೀತು ಎಂದು ಅವರ ವಾದ. ಸಾಹುಕಾರರ ಹೆಂಡತಿ ಅಡುಗೆಮನೆಯಿಂದಲೇ ತೀರ್ಪು ಕೊಡುತ್ತಿದ್ದರು:

"ಇಬ್ರೂ ಬಂದು ಈ ಒಲೆ ಮುಂದ ಕೂಡ್ರಿ. ಎಷ್ಟು ಬಿಸಿ ಐತೆ ಅಂತ ಗೊತ್ತಾಗ್ತೈತೆ."

ಆಗ ನಾನು ಶಾಲೆಯೊಂದರಲ್ಲಿ ಹೊಸ ಟೀಚರ್. ಒಂದು ಡಿಸೆಂಬರಿನಲ್ಲಿ ಸ್ಕೌಟ್ ಮಕ್ಕಳನ್ನು ಕೊಂಡಜ್ಜಿ ಕೆರೆಯ ದಂಡೆಗೆ ಶಿಬಿರಕ್ಕೆ ಕರೆದೊಯ್ದಾಗ ಮೇಷ್ಟ್ರ ಭಾಷಣ ಇಡಿಸಿದೆ. ಗೆಳೆಯನನ್ನು ಅಂದಾದರೂ ಒಪ್ಪಿಸಬೇಕೆಂದು ಅವರು ಸಾಹುಕಾರರನ್ನೂ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದರು. ಮುಂಜಾನೆ, ಕೆರೆಯ ಮೇಲಿಂದ ಗಾಳಿ ಕೊರೆಯುತ್ತಿತ್ತು. ಭೂಮಿಗೆ ಜ್ವರ ಬಂದಿದೆ ಎಂದು ಶುರುಮಾಡಿದ ಮೇಷ್ಟ್ರ ಹಲ್ಲು ಕಟಕಟ ಎನ್ನತೊಡಗಿದವು. ಸಾಹುಕಾರರು ಎದ್ದರು, ಚೀಲದಿಂದ ಮಂಕಿ ಕ್ಯಾಪ್ ತೆಗೆದರು, ಗೆಳೆಯನ ತಲೆಗೆ ಎಳೆದು ಹಾಕಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಮೇಷ್ಟ್ರು ಅದನ್ನು ತೆಗೆಯಲಿಲ್ಲ. ಒಂದು ಬೆಳಗಿನ ಚಳಿ ಬೇರೆ, ಭೂಮಿಯ ಕಾವು ಬೇರೆ ಎಂದು ಕ್ಯಾಪಿನೊಳಗಿಂದಲೇ ಭಾಷಣ ಮುಗಿಸಿದರು.

ಗೆದ್ದೆನೆಂದು ಸಾಹುಕಾರರು ಶಿವರಾತ್ರಿಯವರೆಗೂ ಬೀಗಿದರು. ಆಮೇಲೆ ಬಂದ ಬೇಸಿಗೆ ಮಾತ್ರ ವಿಪರೀತ... ಒಂದು ಸಂಜೆ ಮೇಷ್ಟ್ರೂ ನಾನೂ ಅಂಗಡಿಗೆ ಹೋದಾಗ, ಸ್ವೆಟರಿನ ರಾಶಿಯ ಹಿಂದೆ ಏನೋ ಬೆಡ್‌ಶೀಟ್ ಹೊದ್ದು ಸಾಲಾಗಿ ನಿಂತಿತ್ತು. ಮೇಷ್ಟ್ರು ಎತ್ತಿ ನೋಡಿದರೆ ಟೇಬಲ್ ಫ್ಯಾನುಗಳು, ಮಾರಾಟಕ್ಕೆ.

"ಇವು ಯಾಕಪ್ಪಾ ಇಲ್ಲಿ?" ಎಂದರು ಮೇಷ್ಟ್ರು.

ಸಾಹುಕಾರರು ಬೆಡ್‌ಶೀಟನ್ನು ಮತ್ತೆ ನೀಟಾಗಿ ಹೊದಿಸಿ, "ಸ್ವೆಟರ್ ಹಾಕ್ಕಂಡೋರಿಗೆ ಸೆಕೆ ಆಗ್ತೈತಲ್ಲ, ಅದಕ್ಕೆ" ಎಂದರು.

ಅದಕ್ಕಿಂತ ಹೆಚ್ಚು ಅವರು ಎಂದೂ ಒಪ್ಪಿಕೊಳ್ಳಲಿಲ್ಲ. ಮುಂದಿನ ಭಾನುವಾರ ಮತ್ತೆ ಅದೇ ಮಂಡಕ್ಕಿ, ಅದೇ ಜಗಳ.

ಸಾಹುಕಾರರು ಹೋಗಿ ಬಹಳ ಕಾಲವಾಯಿತು. ಈ ಏಪ್ರಿಲ್‌ನಲ್ಲಿ ಹರಿಹರಕ್ಕೆ ಹೋದವಳು ಮೇಷ್ಟ್ರನ್ನು ನೋಡಿ ಬಂದೆ. ಹೊರಗೆ ಹೊಳೆ ಒಣಗಿ ಬಂಡೆಗಳು ಕಾಣುತ್ತಿದ್ದವು. ನೀವು ಹೇಳಿದ್ದೇ ನಿಜವಾಯ್ತಲ್ಲ ಸಾರ್ ಎಂದೆ. ಹಿಗ್ಗುತ್ತಾರೇನೋ ಎಂದುಕೊಂಡಿದ್ದೆ. ಅವರು ಕಿಟಕಿಯ ಕಡೆ ತಿರುಗಿದರು.

"ಈಗ ಎಲ್ರೂ ಹೂಂ ಅಂತಾರಮ್ಮ. ಅಲ್ಲ ಅನ್ನೋನು ಒಬ್ನೇ ಇದ್ದ."