ನನ್ನ ಅಕ್ಷರ, ಅವನ ಮಗಳ ಹೆಸರು

ಶಾಲೆಯಲ್ಲಿ ನನಗೆ ಸಿಕ್ಕ ಹೊಗಳಿಕೆ ಒಂದೇ, ಅಕ್ಷರದ್ದು. ಲೆಕ್ಕ ತಲೆಗೆ ಹತ್ತಲಿಲ್ಲ, ಹಾಡು ಬರಲಿಲ್ಲ, ಅಕ್ಷರ ಮಾತ್ರ ದುಂಡಗೆ ಬಂತು. ಮದುವೆಯಾಗಿ ಉಡುಪಿ ಕಡೆಯಿಂದ ಮುಂಬಯಿ ಪಕ್ಕದ ಡೊಂಬಿವಲಿಗೆ ಬಂದೆ. ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರ ಆಫೀಸಿನಲ್ಲಿ ವಾರವಿಡೀ ಇಂಗ್ಲಿಷಿನಲ್ಲಿ ರಿಜಿಸ್ಟರ್ ತುಂಬಿಸಿ, ಭಾನುವಾರ ಒಂದು ಗಂಟೆ ನನಗಾಗಿ ಕನ್ನಡ ಬರೆಯುತ್ತಿದ್ದೆ. ಏನು ಬರೆಯುತ್ತಿದ್ದೆ ಎಂದು ಕೇಳಿದರೆ ಹೇಳಿಕೊಳ್ಳುವಂಥದ್ದೇನಲ್ಲ. ದಿನಸಿ ಪಟ್ಟಿ, ಲೋಕಲ್ ರೈಲಿನಲ್ಲಿ ಕಿವಿಗೆ ಬಿದ್ದ ಜಗಳ, ಒಂದೊಂದು ದಿನ ಪುಟದ ತುಂಬ ಬರೀ ‘ಳ’. ನಿಬ್ಬನ್ನು ಸಾಣೆಕಲ್ಲಿನ ಮೇಲೆ ಓರೆಯಾಗಿ ಉಜ್ಜಿಕೊಂಡರೆ ತಲೆಕಟ್ಟು ದಪ್ಪಗೆ, ಕೊಂಬು ತೆಳ್ಳಗೆ ಬರುತ್ತದೆ. ಗಂಡ ಇದನ್ನು ಹುಚ್ಚು ಎನ್ನುತ್ತಿದ್ದರು, ಆದರೆ ಕಲ್ಯಾಣದ ಪೇಟೆಗೆ ಹೋದಾಗ ಶಾಯಿ ತರಲು ಮರೆಯುತ್ತಿರಲಿಲ್ಲ.

ನಮ್ಮ ಕನ್ನಡ ಸಂಘದವರಿಗೆ ಗೊತ್ತಾದ ಮೇಲೆ ಈ ಹುಚ್ಚಿಗೆ ಸೇವೆ ಎಂಬ ಹೆಸರು ಬಂತು. ಮಾನಪತ್ರ ಬರೆದೆ, ಬಾಗಿಲ ಬಳಿಯ ಸೂಚನೆ ಬರೆದೆ. ಎಲ್ಲಕ್ಕಿಂತ ಹೆಚ್ಚಾಗಿ, ವಾರ್ಷಿಕೋತ್ಸವದ ದಿನ ಮಕ್ಕಳ ಪ್ರಶಸ್ತಿಪತ್ರಗಳಲ್ಲಿ ಹೆಸರು ಬರೆದೆ. ಮೊದಲೇ ಬರೆದಿಡಲು ಒಪ್ಪುತ್ತಿರಲಿಲ್ಲ. ಮಗು ನನ್ನ ಮೇಜಿನ ಮುಂದೆ ಬಂದು ತನ್ನ ಹೆಸರು ತಾನೇ ಹೇಳಬೇಕು, ನಾನು ಅದರ ಕಣ್ಣೆದುರೇ ಬರೆಯಬೇಕು. ಇಲ್ಲೇ ಹುಟ್ಟಿದ ಮಕ್ಕಳು, ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರ ಕೊಡುವವರು. ಓದಲು ಬಾರದಿದ್ದರೂ ತಮ್ಮ ಹೆಸರು ಮೂಡುವುದನ್ನು ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಸಾಲು ಉದ್ದವಾಗಿ ಕಾರ್ಯದರ್ಶಿಗಳು ಗೊಣಗುತ್ತಿದ್ದರು. ಗೊಣಗಲಿ ಎಂದು ಬರೆಯುತ್ತಲೇ ಇರುತ್ತಿದ್ದೆ. ಗಂಡ ತೀರಿಕೊಂಡು, ಕೆಲಸವೂ ಮುಗಿದ ಮೇಲೆ ನನಗಾಗಿ ಯಾರಾದರೂ ಸಾಲು ನಿಲ್ಲುವ ಜಾಗ ಅದೊಂದೇ ಉಳಿದಿತ್ತು.

ಮೂರು ವರ್ಷದ ಹಿಂದೆ ಅವನು ಬಂದ. ಮೈಸೂರಿನವನು, ನಲವತ್ತರ ಆಸುಪಾಸು, ಐರೋಲಿಯಲ್ಲಿ ಕಂಪ್ಯೂಟರ್ ಕೆಲಸ. ಅಕ್ಷರ ಕಲಿಯಬೇಕೆಂದು ಭಾನುವಾರ ಭಾನುವಾರ ಠಾಣೆಯಲ್ಲಿ ರೈಲು ಬದಲಿಸಿ ನಮ್ಮ ಮನೆಗೆ ಬರುತ್ತಿದ್ದ. ಅಕ್ಕ ಎಂದು ಕರೆದ, ನಾನೂ ತಮ್ಮನೆಂದೇ ತಿಳಿದು ಏಕವಚನಕ್ಕೆ ಇಳಿದೆ. ಅವನ ಅಕ್ಷರ ಸುಧಾರಿಸಲಿಲ್ಲ, ನನ್ನ ನೀರುದೋಸೆ ತಿಂದು ಮೈ ಮಾತ್ರ ಸುಧಾರಿಸಿತು. ಹಾಗೆಂದು ಛೇಡಿಸಿದರೆ ನಗುತ್ತಾ ಇನ್ನೊಂದು ಹಾಕಿಸಿಕೊಳ್ಳುತ್ತಿದ್ದ.

ಕಳೆದ ವರ್ಷ ಒಂದು ಭಾನುವಾರ ದಪ್ಪ ಕಾಗದದ ಕಟ್ಟು ತಂದ. ಹಾಳೆಯ ತುಂಬ ತೆಳುನೀಲಿ ಚೌಕಗಳು. ಒಂದೊಂದು ಚೌಕದಲ್ಲಿ ಒಂದೊಂದು ಅಕ್ಷರ, ಕಾಗುಣಿತ, ಒತ್ತು, ಎಲ್ಲವನ್ನೂ ಬರೆದುಕೊಡಬೇಕಂತೆ.

“ಮಕ್ಕಳು ನಿಮ್ಮ ಅಕ್ಷರದ ಮೇಲೇ ತಿದ್ಲಿ ಅಕ್ಕ. ತಿದ್ದೋ ಪುಸ್ತಕ ಮಾಡ್ಸೋಣ.”

ನನ್ನ ಅಕ್ಷರದ ಮೇಲೆ ಪುಟ್ಟ ಕೈಗಳು ತಿದ್ದುವುದನ್ನು ನೆನೆದು ಉಬ್ಬಿಹೋದೆ. ನಾಲ್ಕು ಭಾನುವಾರ ಬರೆದೆ. ಮನಸ್ಸಿಗೆ ಬಾರದ ಹಾಳೆಗಳನ್ನು ಹರಿದು ಹಾಕಿ ಮತ್ತೆ ಬರೆದೆ. ಬೆರಳು ಊದಿಕೊಂಡಾಗ ಬಿಸಿನೀರಿನಲ್ಲಿ ಅದ್ದಿಕೊಂಡು ಕೂತೆ. ಆಮೇಲೆ ಪುಸ್ತಕದ ಸುದ್ದಿ ಎತ್ತಿದಾಗಲೆಲ್ಲ ಪ್ರಿಂಟಿಂಗ್ ಪ್ರೆಸ್ಸಿನವರದೇ ತಡ ಎನ್ನುತ್ತಿದ್ದ.

ಈ ಸಲದ ವಾರ್ಷಿಕೋತ್ಸವ ಠಾಣೆ ಪಟ್ಟಣದ ಒಂದು ಹಾಲ್‌ನಲ್ಲಿ. ಯಾವಾಗಿನಂತೆ ಬೇಗ ಹೋಗಿ ಶಾಯಿ, ನಿಬ್ಬು ಜೋಡಿಸಿಕೊಳ್ಳಲು ಮೇಜಿನ ಬಳಿ ಬಂದರೆ ಪ್ರಶಸ್ತಿಪತ್ರಗಳು ಆಗಲೇ ಸಿದ್ಧವಾಗಿ ಕೂತಿವೆ. ಎಲ್ಲದರಲ್ಲೂ ಹೆಸರು ಬರೆದಾಗಿದೆ, ನನ್ನ ಅಕ್ಷರದಲ್ಲಿ. ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಹೆದರಿಕೆ. ಇಷ್ಟನ್ನೂ ಬರೆದು ಮರೆತುಬಿಟ್ಟೆನೇ, ಬುದ್ಧಿ ಕೈಕೊಟ್ಟಿತೇ ಎಂದು ಎರಡು ಪತ್ರಗಳನ್ನು ಕೈಗೆತ್ತಿಕೊಂಡೆ. ಮತ್ತೆ ನೋಡಿದಾಗ ತಿಳಿಯಿತು, ಒಂದು ಪತ್ರದ ‘ಳ’ಕ್ಕೂ ಇನ್ನೊಂದರ ‘ಳ’ಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಕೈಯಿಂದ ಹಾಗೆ ಬರೆಯಲು ಆಗುವುದಿಲ್ಲ. ಆಗುವುದಾದರೆ ನಾನು ಪುಟಗಟ್ಟಲೆ ‘ಳ’ ಬರೆಯುತ್ತಲೇ ಇರಲಿಲ್ಲ.

ಅವನು ಲ್ಯಾಪ್‌ಟಾಪ್ ಹಿಡಿದು ನಗುತ್ತಾ ಬಂದ. ನನ್ನ ಅಕ್ಷರವನ್ನು ಫಾಂಟ್ ಮಾಡಿದ್ದಾನಂತೆ, ಇನ್ನು ಯಾರು ಟೈಪ್ ಮಾಡಿದರೂ ನನ್ನ ಅಕ್ಷರವೇ ಬರುತ್ತದಂತೆ. ಸಮಿತಿಯವರಿಗೆಲ್ಲ ತಿಂಗಳುಗಳಿಂದ ಗೊತ್ತಿತ್ತು. ಅಕ್ಕನಿಗೆ ಇನ್ನು ಆರಾಮ ಎಂದು ಕಾರ್ಯದರ್ಶಿಗಳು ಮೇಜನ್ನು ಗೋಡೆಯ ಕಡೆ ಎಳೆಸಿದರು. ಪರದೆಯ ಮೇಲೆ ಫಾಂಟುಗಳ ಪಟ್ಟಿಯಿತ್ತು. ನನ್ನ ಅಕ್ಷರಕ್ಕೆ ಅವನು ತನ್ನ ಮಗಳ ಹೆಸರಿಟ್ಟಿದ್ದ.

“ಹಾಗಾದ್ರೆ ಪುಸ್ತಕ ಎಲ್ಲಿ ಉಂಟು?” ಎಂದು ಕೇಳಿದೆ.

“ಪುಸ್ತಕ ಅಂದಿದ್ದಕ್ಕೇ ತಾನೆ ನೀವು ಬರ್ಕೊಟ್ಟಿದ್ದು? ಫಾಂಟು ಅಂದಿದ್ರೆ ಒಪ್ತಿದ್ರಾ ಅಕ್ಕ?”

ಒಪ್ಪುತ್ತಿರಲಿಲ್ಲ. ಅವನಿಗೆ ಅದು ಗೊತ್ತಿತ್ತು. ನನ್ನನ್ನು ಅಷ್ಟು ಚೆನ್ನಾಗಿ ತಿಳಿದುಕೊಂಡದ್ದು ನನ್ನ ಮನೆಯಲ್ಲೇ, ನಾನು ಬಡಿಸಿದ ಎಲೆಯ ಮುಂದೆಯೇ. ಯಾರೋ ಹೊರಗಿನವರು ಮೋಸ ಮಾಡಿದ್ದರೆ ಬೈದು ಮನೆಗೆ ಹೋಗುತ್ತಿದ್ದೆ. ಇವನಿಗೆ ಏನೆಂದು ಬೈಯುವುದು ಎಂದು ತೋಚದೆ, ಗೋಡೆಯ ಪಕ್ಕದ ಆ ಮೇಜಿನ ಹಿಂದೆಯೇ ಕುಳಿತೆ. ಮಕ್ಕಳು ವೇದಿಕೆ ಹತ್ತಿ ಪತ್ರ ತೆಗೆದುಕೊಂಡು ಇಳಿದರು. ನನ್ನ ಹತ್ತಿರ ಒಬ್ಬರೂ ಬರಲಿಲ್ಲ, ಬರುವ ಕಾರಣವೂ ಇರಲಿಲ್ಲ.

ಕೊನೆಗೆ ಅವನೇ ಬಂದ. ಜೊತೆಗೆ ಸಂಘದವರೊಬ್ಬರ ಒಂಬತ್ತು ವರ್ಷದ ಮಗಳು, ಅವಳ ಗೆಳತಿ. ಹುಡುಗಿಯ ಹೆಸರಿನಲ್ಲಿ ತಕಾರದ ಕೆಳಗೆ ಸಕಾರ, ಅದರ ಕೆಳಗೆ ನಕಾರ. ಒಂದರಡಿ ಒಂದು ಎರಡು ಒತ್ತು ಬರುವುದು ಫಾಂಟಿಗೆ ಗೊತ್ತಾಗದೆ, ಅವಳ ಪತ್ರದಲ್ಲಿ ನಕಾರದ ಒತ್ತು ಜಾರಿ ಪಕ್ಕದಲ್ಲಿ ಬಿದ್ದಿತ್ತು. ಅವನು ಖಾಲಿ ಪತ್ರವೊಂದನ್ನು ನನ್ನ ಮುಂದಿಟ್ಟು ಮೊಬೈಲ್ ತೆಗೆದ.

“ಇದೊಂದು ಬರೀರಿ ಅಕ್ಕ. ಹಾಗೇ ಫೋಟೋ ತಗೊಳ್ತೀನಿ, ಫಾಂಟಿಗೆ ಸೇರಿಸ್ಬೋದು.”

ಉಳಿದಿದ್ದ ಇದೊಂದೂ ಅವನಿಗೇ ಬೇಕಿತ್ತು. ಹುಡುಗಿಯ ಹೆಸರು ಕೇಳಿದೆ, ಅವಳು ಹೇಳಿದಳು. ನಾನು ನಿಬ್ಬನ್ನು ಬೇಕೆಂದೇ ತಿರುವಿ ಹಿಡಿದು ಬರೆದೆ. ತಲೆಕಟ್ಟು ಸೊಟ್ಟ, ಒತ್ತುಗಳು ಒಂದಕ್ಕೊಂದು ಅಂಟಿದವು, ದೀರ್ಘದ ತುದಿಯಲ್ಲಿ ಶಾಯಿ ಹರಡಿತು. ಯಾವ ಯಂತ್ರಕ್ಕೂ ಹಾಕಲಾಗದ ಅಕ್ಷರ. ಅವನು ನೋಡಿ, ಮೊಬೈಲ್ ಜೇಬಿಗಿಳಿಸಿದ. ಗೆದ್ದೆ ಎಂದುಕೊಂಡೆ.

ಹುಡುಗಿ ತನ್ನ ಪತ್ರವನ್ನು ಗೆಳತಿಯ ಪತ್ರದ ಪಕ್ಕದಲ್ಲಿ ಹಿಡಿದು ನೋಡಿದಳು. ಗೆಳತಿಯದರಲ್ಲಿದ್ದದ್ದು ನನ್ನ ನಾಲ್ಕು ಭಾನುವಾರಗಳ ಅಕ್ಷರ.

“ಆಂಟಿ, ಸಿರ್ಫ್ ಮೇರಾ ಹೀ ಐಸಾ ಕ್ಯೂಂ ಹೈ?”

ತನ್ನದು ಮಾತ್ರ ಯಾಕೆ ಹೀಗೆ ಎಂದು ಕೇಳುತ್ತಿದ್ದಳು. ನಾನು ಅವನ ಕಡೆ ತಿರುಗಿ ಇನ್ನೊಂದು ಖಾಲಿ ಪತ್ರ ಕೊಡು ಎಂದೆ. ಅದೇ ಕೊನೆಯದಾಗಿತ್ತು ಎಂದ. ಅಷ್ಟರಲ್ಲಿ ಬಹುಮಾನ ಬಂದ ಮಕ್ಕಳನ್ನೆಲ್ಲ ಗ್ರೂಪ್ ಫೋಟೋಗೆ ಕರೆದರು. ವೇದಿಕೆಯ ಮೇಲೆ ಎಲ್ಲರೂ ಪತ್ರಗಳನ್ನು ಎದುರಿಗೆ ಎತ್ತಿ ಹಿಡಿದರು. ಆ ಹುಡುಗಿ ಮಾತ್ರ ನಾನು ಹೆಸರು ಬರೆದ ಬದಿಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ನಿಂತಳು.