ಹಿಡಿ ರಾಗಿಯಷ್ಟು ಬಿಡುವು

ಅಮೆರಿಕದ ಸ್ಟರ್ಲಿಂಗ್ ಊರಿನ ಬಸವಕುಮಾರನದು ಅಗಲ ಎದೆ, ದೊಡ್ಡ ಗಂಟಲು. ಡೇಟಾ ಸೆಂಟರಿನಲ್ಲಿ ಕಂಪ್ಯೂಟರುಗಳನ್ನು ತಂಪಾಗಿಡುವ ಯಂತ್ರ ನೋಡಿಕೊಳ್ಳುವವನು. ಆ ಫ್ಯಾನುಗಳ ಗದ್ದಲದಲ್ಲಿ ಕೂಗಿ ಕೂಗಿ, ಮನೆಯಲ್ಲಿ ಉಪ್ಪು ಕೇಳಿದರೂ ಜಗಳಕ್ಕೆ ನಿಂತ ಹಾಗಿರುತ್ತಿತ್ತು. ಕನ್ನಡ ಸಂಘದ ನಾಟಕಗಳಲ್ಲಿ ರಾಕ್ಷಸ, ದರೋಡೆಕೋರ, ಪೈಲ್ವಾನ ಎಲ್ಲ ಅವನೇ. ಹಾಗಾಗಿ ಕನ್ನಡ ಕ್ಲಾಸು ನಡೆಸುವ ಉಷಾ ಮಕ್ಕಳಿಗೆಂದು ಹಾಡುಗಳಿರುವ ಪುಟ್ಟ ಕಾರ್ಟೂನ್ ಸಿನಿಮಾ ಮಾಡಲು ಹೊರಟಾಗ, ಕರಡಿಯ ದನಿಗೆ ಬೇರೆ ಯಾರನ್ನೂ ಹುಡುಕಲಿಲ್ಲ.

ಆ ಸಿನಿಮಾ ಹುಟ್ಟಿದ್ದೇ ಬಸವಕುಮಾರನ ಮಗಳು ಇಶಾಳ ಒಂದು ಮಾತಿನಿಂದ. "ಆಂಟಿ, ಎಲ್ಲಾ ಮೂವೀಲೂ ಹೀರೋ ಅಮ್ಮ ಫಸ್ಟ್ ಸಾಂಗ್ ಮುಗಿಯೋದ್ರೊಳಗೆ ಯಾಕೆ ಸತ್ತು ಹೋಗ್ತಾಳೆ? ಅಮ್ಮ ಇದ್ರೆ ಅವನು ಬ್ರೇವ್ ಆಗಲ್ವಾ?" ಅದಕ್ಕೇ ಉಷಾಳ ಕತೆಯಲ್ಲಿ ಕರಡಿಯ ತಾಯಿ ಬದುಕಿರುತ್ತಾಳೆ. ಕಾಡಿನ ಪುಂಡರನ್ನೆಲ್ಲ ಓಡಿಸಿ ಬಂದ ಮಗ, ದಣಿದ ತಾಯಿಗೆ ಹಾಡು ಹೇಳಿ ಮಲಗಿಸುತ್ತಾನೆ.

"ನಮ್ಮ ಕಡೇದೊಂದು ಲಾಲಿ ಇದೆ" ಎಂದು ಬಸವಕುಮಾರ ಹಾಡಿಕೊಟ್ಟಿದ್ದ. ಅದು ಲಾಲಿಯಾಗಿರಲಿಲ್ಲ. ರಾಗಿ ಬೀಸುವಾಗಿನ ಪದ.

ಚಿಕ್ಕಂದಿನಲ್ಲಿ ತಿಪಟೂರಿನ ಹತ್ತಿರದ ಊರಲ್ಲಿ ತಾಯಿ ಶಿವಗಂಗಮ್ಮನ ಎದುರು ಕೂತು, ಒಂದೇ ಗೂಟಕ್ಕೆ ಕೈ ಹಾಕಿ, ಅವನೂ ಕಲ್ಲು ತಿರುವುತ್ತಿದ್ದ. ಅವಳ ಹಾಡೆಲ್ಲ ಅವನ ಬಾಯಿಗೆ ಬಂದಿತ್ತು. ಒಂದು ದಿನ ಗೋಡೆಯಾಚೆಯಿಂದ ಜೊತೆಯ ಹುಡುಗರು "ಬಸಮ್ಮಾ, ಹಿಟ್ಟಾಯ್ತಾ?" ಎಂದು ಕೂಗಿದರು. ಮಾರನೆಯ ದಿನದಿಂದ ಅವನು ಗರಡಿಗೆ ಹೋಗತೊಡಗಿದ. ಯಾಕೋ ಮಗನೇ ಎಂದು ಶಿವಗಂಗಮ್ಮ ಕೇಳಲಿಲ್ಲ. ಮತ್ತೆಂದೂ ಕರೆಯಲೂ ಇಲ್ಲ. ಈ ಸಂಗತಿಯನ್ನು ಅವನು ಕಟ್ಟಿಕೊಂಡ ಹೆಂಡತಿಗೂ ಹೇಳಿರಲಿಲ್ಲ.

ಈಗ ಶಿವಗಂಗಮ್ಮ ಮಗನ ಮನೆಯಲ್ಲೇ ಇದ್ದಾಳೆ. ಗಂಟಲಿನ ಆಪರೇಷನ್ ಆದಮೇಲೆ ಅವಳಿಗೆ ದನಿಯಿಲ್ಲ, ಬಾಯಿ ತೆರೆದರೆ ಗಾಳಿ ಮಾತ್ರ. ಆ ಪದ ಇನ್ನು ಉಳಿದಿದ್ದರೆ ಅವನ ಗಂಟಲಿನಲ್ಲೇ.

ಸಿನಿಮಾ ಜೋಡಿಸುತ್ತಿದ್ದವನು ಧೀರಜ್. ಪಕ್ಕದೂರು ರೆಸ್ಟನ್ನಿನ ಅವನ ಮನೆಯ ಬೇಸ್‌ಮೆಂಟಿನಲ್ಲಿ ಒಂದು ಭಾನುವಾರ ಎಲ್ಲರೂ ನೋಡಲು ಸೇರಿದರು.

"ಅಂಕಲ್, ಪ್ರತಿ ಲೈನ್ ಆದ್ಮೇಲೆ ಗ್ಯಾಪ್ ಬಿಟ್ಟಿದ್ರಿ. ಲಿರಿಕ್ಸ್ ಮರೆತು ಹೋಗ್ತಿತ್ತಾ? ಎಲ್ಲಾ ಕಟ್ ಮಾಡಿ ಸ್ಮೂತ್ ಮಾಡ್ಬಿಟ್ಟಿದೀನಿ" ಎಂದ ಧೀರಜ್.

ಪರದೆಯ ಮೇಲೆ ಕರಡಿ ತಾಯಿಯ ತಲೆ ನೇವರಿಸುತ್ತ ಹಾಡಿತು:

"ತೊಡೆ ಮ್ಯಾಲೆ ಒರಗವ್ನೆ ನನ್ನ ಕಂದಯ್ಯ
ಹಿಟ್ಟಾಗೋ ಹೊತ್ತಿಗೆ ನಿದ್ದೆ ತಿಳಿಯಲಿ."

ಶಿವಗಂಗಮ್ಮ ತಲೆಯಾಡಿಸಿದಳು. ಮುಂದಿದ್ದ ಟೀಪಾಯಿಯ ಮೇಲೆ ಮುಷ್ಟಿಯಿಟ್ಟು ದುಂಡಗೆ ತಿರುಗಿಸಿದಳು. ಆಮೇಲೆ ಇನ್ನೊಂದು ಕೈಯನ್ನು ನಡುವೆ ತಂದು ಬೆರಳು ಬಿಚ್ಚಿದಳು.

"ಅಜ್ಜಿ, ನೀರು ಬೇಕಾ?" ಉಷಾ ಎದ್ದಳು.

ಶಿವಗಂಗಮ್ಮ ಮಗನ ಮುಖ ನೋಡುತ್ತ ಮತ್ತೆ ಹಾಗೇ ಮಾಡಿದಳು. ಬಸವಕುಮಾರನಿಗೆ ಮಾತ್ರ ಗೊತ್ತಾಯಿತು. ಅಮ್ಮನಿಗೆ ಸುಸ್ತಾಗಿದೆ ಎಂದರೆ ಅಲ್ಲಿಗೆ ಮುಗಿಯುತ್ತಿತ್ತು; ಆ ಮಾತು ತುಟಿಗೂ ಬಂದಿತ್ತು. ಅಷ್ಟರಲ್ಲಿ ಅವಳು ಕೈಯನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡಳು. ಅವನು ಗರಡಿಗೆ ಹೊರಟ ದಿನವೂ ಹೀಗೇ ಸುಮ್ಮನಾಗಿದ್ದಳು.

"ಅದು ಗ್ಯಾಪ್ ಅಲ್ಲ ಧೀರಜ್" ಎಂದ. ಅಷ್ಟು ದೊಡ್ಡ ಗಂಟಲು ಸಣ್ಣಗಾಗಿತ್ತು. "ಕಲ್ಲಿಗೆ ಹಿಡಿ ರಾಗಿ ಹಾಕೋವಾಗ ಹಾಡು ನಿಲ್ಲುತ್ತೆ. ಕಲ್ಲು ನಿಲ್ಲಲ್ಲ. ಇದು ಲಾಲಿ ಅಲ್ಲ, ಬೀಸೋ ಪದ. ಅಮ್ಮನ ಜೊತೆ ನಾನೂ ಬೀಸ್ತಿದ್ದೆ."

"ನೀವಾ ಅಂಕಲ್? ನಮ್ಮ ಪೈಲ್ವಾನ್ರು ರಾಗಿ ಬೀಸ್ತಿದ್ರಾ?"

"ಹೂಂ ಕಣಯ್ಯ. ಈ ತೋಳೇನು ಬರೀ ಗರಡೀಲಿ ಬಂತು ಅಂದ್ಕೊಂಡ್ಯಾ?"

ಎಲ್ಲರೂ ನಕ್ಕರು. ಅವನು ಹೆದರಿಕೊಂಡಿದ್ದ ನಗು ಅದಲ್ಲ. ಉಷಾ ಆಗಲೇ ಪೆನ್ಸಿಲ್ ತೆಗೆದಿದ್ದಳು. "ಹಾಗಾದ್ರೆ ಕರಡಿ ಸುಮ್ನೆ ಯಾಕೆ ಕೂತ್ಕೋಬೇಕು? ಅದರ ಕೈಗೂ ಒಂದು ಬೀಸೋ ಕಲ್ಲು ಕೊಡ್ತೀನಿ. ಬೀಸ್ತಾನೇ ಅಮ್ಮನ್ನ ಮಲಗಿಸ್ಲಿ. ಇನ್ನೊಂದ್ಸಲ ಹಾಡಿ, ರೆಕಾರ್ಡ್ ಮಾಡೋಣ."

ಬಸವಕುಮಾರ ಕಾರ್ಪೆಟ್ಟಿನ ಮೇಲೆ ತಾಯಿಯ ಎದುರು ಚಕ್ಕಂಬಕ್ಕಳ ಹಾಕಿ ಕೂತ. ಅವಳ ಮುಷ್ಟಿಯ ಮೇಲೆ ತನ್ನ ಮುಷ್ಟಿ ಇಟ್ಟ. ಎರಡೂ ಸೇರಿ ತಿರುಗತೊಡಗಿದವು. ಮೊದಲ ಸಾಲು ಹಾಡಿ ನಿಲ್ಲಿಸಿದ. ಮುಂದಿನ ಸಾಲು ಬೇಗ ಬರಲಿಲ್ಲ.

ಶಿವಗಂಗಮ್ಮ ಅವನ ಮಂಡಿಗೊಂದು ಪೆಟ್ಟು ಕೊಟ್ಟು, ಕಿವಿಯ ಹತ್ತಿರ ಬಾಯಿ ತಂದು, ಬರೀ ಗಾಳಿಯಲ್ಲೇ ಅಂದಳು:

"ಬೇಗ ಹಾಡೋ. ಅಷ್ಟೊಂದು ರಾಗಿ ಎಲ್ಲಿತ್ತು ನಮ್ಮನೇಲಿ?"