ಬಾರದವಳಿಗೆ ಹಾಕಿದ ಎಲೆ

೧೯೮೯ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೇ ತರಗತಿ ಮುಗಿದಿತ್ತು. ಅಪ್ಪ ಭದ್ರಾವತಿಯಲ್ಲಿ ಕಾರ್ಖಾನೆಯ ದಿನಗೂಲಿ. ಅವರ ಕಾಲಿಗೆ ಪೆಟ್ಟಾದ ಮೇಲೆ ನಾನು ಶಿವಮೊಗ್ಗದ ಒಂದು ಮದುವೆ ಛತ್ರದಲ್ಲಿ ಎಲೆ ಒರೆಸುವ ಕೆಲಸಕ್ಕೆ ಸೇರಿದೆ. ಕನಿಕರ ಪಡಲಿ ಎಂದು ಇದನ್ನು ಹೇಳುತ್ತಿಲ್ಲ. ಎಲೆ ಒರೆಸುತ್ತಿದ್ದವನು ಬಡಿಸುವವನಾದೆ, ಆಮೇಲೆ ಅಡುಗೆಯವನಾದೆ, ಕೊನೆಗೆ ಸ್ವಂತ ಪಾತ್ರೆ ಪರಡಿ ಮಾಡಿಕೊಂಡು ಕಂಟ್ರಾಕ್ಟ್ ಹಿಡಿಯುವಷ್ಟಾದೆ. ನನ್ನ ಕೈಯ ಹುಳಿ ಉಂಡವರು ಮುಂದಿನ ಶುಭಕಾರ್ಯಕ್ಕೂ ನನ್ನನ್ನೇ ಹುಡುಕಿಕೊಂಡು ಬರುತ್ತಾರೆ. ಇದು ಜಂಭ ಅನ್ನಿಸಿದರೆ ಅನ್ನಿಸಲಿ, ದುಡಿದು ಸಂಪಾದಿಸಿದ ಜಂಭ.

ಭೂತ, ಶಕುನ, ಮುನ್ಸೂಚನೆ ಇವನ್ನೆಲ್ಲ ನಾನು ನಂಬಿದವನಲ್ಲ. ಛತ್ರದ ಉಗ್ರಾಣದಲ್ಲಿ ಒಬ್ಬನೇ ಮಲಗಿ ಬೆಳೆದವನಿಗೆ ಹೆದರಲು ಪುರುಸೊತ್ತು ಎಲ್ಲಿಂದ ಬರಬೇಕು? ಯಾರಾದರೂ ಅಂಥ ಕತೆ ತೆಗೆದರೆ, "ಹೊಟ್ಟೆ ಸರಿ ಇಲ್ಲ ಕಣಯ್ಯ ನಿಂಗೆ" ಎಂದು ನಗುತ್ತಿದ್ದೆ. ಈಗ ನಾನೇ ಅಂಥ ಒಂದು ಸಂಗತಿ ಬರೆಯುತ್ತಿದ್ದೇನೆ. ನೀವು ನಕ್ಕರೂ ನನಗೆ ಬೇಸರವಿಲ್ಲ.

ಕೆಲವು ವರ್ಷಗಳ ಹಿಂದಿನ ಮಾತು. ಭದ್ರಾವತಿ ಕಡೆಯ ಒಂದು ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಅಲ್ಲಿ ಓದುವ ಮಕ್ಕಳ ಮನಸ್ಸಿನ ಆರೋಗ್ಯಕ್ಕೆಂದು ಮೂರು ದಿನದ ಧ್ಯಾನದ ಶಿಬಿರ ಇಟ್ಟಿದ್ದರು. ಊಟದ ಕೆಲಸ ನನಗೆ ಸಿಕ್ಕಿತು. ಯೂನಿವರ್ಸಿಟಿಯ ಒಳಗೆ ಕಾಲಿಡಬೇಕೆಂದು ನಾನು ಬಹಳ ದಿನದಿಂದ ಪ್ರಯತ್ನಪಟ್ಟಿದ್ದೆ. ಇದೊಂದು ಚೆನ್ನಾಗಿ ಆದರೆ ಹಾಸ್ಟೆಲಿನ ಮೆಸ್ಸೇ ಕೊಡಬಹುದು ಎಂದು ಆಫೀಸಿನವರು ಆಸೆ ಹುಟ್ಟಿಸಿದ್ದರು.

ಶಿಬಿರ ನಡೆಸುತ್ತಿದ್ದವರು ಸೌಮ್ಯಾ ಮೇಡಂ, ಮಕ್ಕಳಿಗೆ ಕೌನ್ಸೆಲಿಂಗ್ ಮಾಡುವವರು. ಒಳ್ಳೆಯವರು, ಆದರೆ ಕಟ್ಟುನಿಟ್ಟು. ಅವರ ಕಾರ್ಯಕ್ರಮದಲ್ಲಿ ಮಧ್ಯಾಹ್ನದ ಊಟ ಪೂರ್ತಿ ಮೌನದಲ್ಲಿ ಆಗಬೇಕಿತ್ತು. ಮಕ್ಕಳು ಚಾಪೆಯ ಮೇಲೆ ಸಾಲಾಗಿ ಕೂತು ಕಣ್ಣು ಮುಚ್ಚಬೇಕು. ನಾವು ಎಲ್ಲ ಬಡಿಸಿದ ಮೇಲೆ ಮೇಡಂ ಗಂಟೆ ಬಾರಿಸುತ್ತಾರೆ, ಆಗ ಕಣ್ಣು ಬಿಟ್ಟು ನಿಧಾನಕ್ಕೆ ಉಣ್ಣಬೇಕು. ಬಡಿಸುವವರೂ ತುಟಿ ಬಿಚ್ಚುವ ಹಾಗಿಲ್ಲ. ಮಕ್ಕಳ ಫೋನುಗಳನ್ನೆಲ್ಲ ಮೊದಲ ದಿನವೇ ಪೆಟ್ಟಿಗೆಗೆ ಹಾಕಿಸಿ ಬೀಗ ಹಾಕಿದ್ದರು.

"ಅಣ್ಣಾ, ಬಾಯಿ ಕಟ್ಕೊಂಡು ಬಡಿಸೋದಾ? ಇದೇನು ಊಟನಾ, ಪರೀಕ್ಷೆನಾ?" ಎಂದಳು ಸೆಲ್ವಿ. ಭದ್ರಾವತಿಯ ಪೇಪರ್ ಟೌನ್ ಕಡೆಯ ಹೆಂಗಸು, ಹತ್ತಾರು ವರ್ಷದಿಂದ ನನ್ನ ಜೊತೆ ಬಡಿಸುತ್ತಾಳೆ. ಮನೆಮಾತು ತಮಿಳು, ಜಗಳ ಮಾತ್ರ ಕನ್ನಡದಲ್ಲಿ.

"ನಿಂಗೇ ಪರೀಕ್ಷೆ. ಅರ್ಧ ಗಂಟೆ ಸುಮ್ನಿದ್ರೆ ಪಾಸು" ಎಂದೆ.

ನಾವು ಬಾಳೆ ಎಲೆಯಲ್ಲೇ ಬಡಿಸುತ್ತಿದ್ದೆವು. ಎಲೆ ಹಾಕುವುದಕ್ಕೂ ಒಂದು ಕ್ರಮವಿದೆ. ಉಣ್ಣುವವರ ಎಡಕ್ಕೆ ಎಲೆಯ ತುದಿ ಬರಬೇಕು, ಅಗಲದ ಭಾಗ ಬಲಕ್ಕೆ. ನಾನು ಕೆಲಸ ಕಲಿತ ಕಡೆ, ಸತ್ತವರ ಹೆಸರಿನ ಊಟಕ್ಕೆ ಮಾತ್ರ ತುದಿಯನ್ನು ಬಲಕ್ಕೆ ತಿರುಗಿಸಿ ಹಾಕುತ್ತಿದ್ದರು. ಶುಭಕಾರ್ಯದ ಪಂಕ್ತಿಯಲ್ಲಿ ಯಾರಾದರೂ ಹಾಗೆ ಹಾಕಿದರೆ ಹಿರಿಯ ಭಟ್ಟರು ಬೆನ್ನ ಮೇಲೆ ಬಾರಿಸುತ್ತಿದ್ದರು. ಅದು ನಂಬಿಕೆಯೋ ಅಲ್ಲವೋ ನನಗೆ ಬೇಡ. ನನ್ನ ಪಾಲಿಗೆ ಅದು ಕೆಲಸದ ಶಿಸ್ತು.

ಮೂರನೆಯ ದಿನ ಎಲೆ ಹಾಕಲು ಹೋದಾಗ ಮೇಡಂ ಬಾಗಿಲಲ್ಲಿ ಸಿಕ್ಕರು. ಪ್ರತಿಯೊಬ್ಬರಿಗೂ ಗೊತ್ತುಮಾಡಿದ ಜಾಗವಿತ್ತು. ಕೊನೆಯ ಚಾಪೆಯ ಹುಡುಗಿ ಬೆಳಗಿನ ಅಭ್ಯಾಸ ಮುಗಿದ ಮೇಲೆ ರೂಮಿಗೆ ಹೋದವಳು ಬಂದಿಲ್ಲ ಎಂದರು.

"ಹಾಗಾದ್ರೆ ಒಂದು ಎಲೆ ಕಮ್ಮಿ ಹಾಕ್ತೀನಿ ಮೇಡಂ."

"ಬೇಡ, ಹಾಕಿ. ಬಡಿಸಿ ಕೂಡ. ಬಾರದೆ ಇರೋರಿಗೂ ನಮ್ಮ ನಡುವೆ ಜಾಗ ಇದೆ ಅಂತ ಮಕ್ಕಳಿಗೆ ಅನ್ನಿಸಬೇಕು."

"ಜನ ಇಲ್ಲದೆ ಎಲೆ ಹಾಕಲ್ಲ ಮೇಡಂ ನಮ್ಮಲ್ಲಿ."

ಅವರು ನಕ್ಕರು. "ಇಲ್ಲಿ ಹಾಕ್ತಾರೆ ಅಂದ್ಕೊಳ್ಳಿ. ಮತ್ತೆ ಒಂದು ಮಾತು, ಇವತ್ತು ಆಫೀಸಿನವರು ನೋಡೋಕೆ ಬರ್ತಾರೆ. ದಯವಿಟ್ಟು ಸದ್ದು ಬೇಡ."

ಎಲೆ ಹಾಕಿದೆ. ಆ ಕೊನೆಯ ಎಲೆಯನ್ನೂ ನಾನೇ ಹಾಕಿದೆ, ತುದಿ ಎಡಕ್ಕೆ. ನೀರು ಚಿಮುಕಿಸಿ, ಉಪ್ಪಿನ ಬಟ್ಟಲು ತರಲು ಹೋಗಿ ಬಂದೆ. ಅಷ್ಟರಲ್ಲಿ ಮಕ್ಕಳು ಬಂದು ಕೂತು ಕಣ್ಣು ಮುಚ್ಚಿದ್ದರು. ಕೊನೆಯ ಎಲೆಯ ತುದಿ ಬಲಕ್ಕಿತ್ತು.

ಸೆಲ್ವಿಯ ಕೆಲಸ ಎಂದುಕೊಂಡು ಅವಳ ಕಡೆ ಕಣ್ಣು ಕೆಕ್ಕರಿಸಿದೆ. ಅವಳು ಸಾಲಿನ ಇನ್ನೊಂದು ತುದಿಯಲ್ಲಿ ಕೋಸಂಬರಿ ಹಿಡಿದು ನಿಂತಿದ್ದಳು, ಏನು ಎಂಬಂತೆ ಹುಬ್ಬು ಹಾರಿಸಿದಳು. ನಾನು ಎಲೆಯನ್ನು ಸರಿಯಾಗಿ ತಿರುಗಿಸಿ, ತುದಿಯ ಹತ್ತಿರ ಉಪ್ಪು ಹಾಕಿ ಮುಂದಿನ ಸಾಲಿಗೆ ಹೋದೆ.

ಪಲ್ಯ ಬಡಿಸುತ್ತ ವಾಪಸು ಬಂದಾಗ ಎಲೆ ಮತ್ತೆ ತಿರುಗಿತ್ತು. ಉಪ್ಪು ನಾನು ಇಟ್ಟಂತೆಯೇ ಗುಪ್ಪೆಯಾಗಿ ತುದಿಯಲ್ಲೇ ಇತ್ತು, ಆದರೆ ಈಗ ಬಲಗಡೆ. ಒಂದು ಹರಳೂ ಚೆದುರಿರಲಿಲ್ಲ. ಫ್ಯಾನಿನ ಸದ್ದು ಬೇಡವೆಂದು ಮೇಡಂ ಅವನ್ನೆಲ್ಲ ನಿಲ್ಲಿಸಿದ್ದರು. ಪಕ್ಕದ ಹುಡುಗ ಕೈಯನ್ನು ತೊಡೆಯ ಮೇಲಿಟ್ಟು ಕಣ್ಣು ಮುಚ್ಚಿ ಕೂತಿದ್ದ, ಅವನು ಕೈ ನೀಡಿದರೂ ಅಲ್ಲಿಗೆ ಎಟಕುವಂತಿರಲಿಲ್ಲ. ಹೊರಗೆ ಸುಡುವ ಬಿಸಿಲು. ಒಳಗೆ ಅಷ್ಟು ಜನ ಉಸಿರಾಡುವುದು ಮಾತ್ರ ಕೇಳುತ್ತಿತ್ತು.

ಮತ್ತೆ ಎಲೆ ತಿರುಗಿಸಿದೆ. ಈ ಸಲ ಅದರ ಅಗಲದ ಭಾಗದ ಮೇಲೆ ನೀರು ತುಂಬಿದ ಸ್ಟೀಲ್ ಲೋಟ ಇಟ್ಟೆ. ಅಲ್ಲೇ ನಿಂತೆ. ಇಡೀ ಸಾಲು ಅನ್ನಕ್ಕೆ ಕಾಯುತ್ತಿದೆ, ಬಾಗಿಲಲ್ಲಿ ಆಫೀಸಿನವರಿಬ್ಬರು ಬಂದು ನಿಂತಿದ್ದಾರೆ, ನಾನು ಖಾಲಿ ಚಾಪೆಯ ಮುಂದೆ ಕಾವಲು ನಿಂತಿದ್ದೇನೆ. ಮೇಡಂ ದೂರದಿಂದಲೇ ಕೈಸನ್ನೆ ಮಾಡಿದರು, ನಡೀರಿ ಎಂದು. ನಾನು ಅವರ ಕಡೆ ತಲೆ ಎತ್ತಿ, ಆಗಲಿ ಎಂದು ತಲೆಯಾಡಿಸಿ, ಕಣ್ಣು ಕೆಳಗಿಳಿಸಿದೆ. ಅಷ್ಟೇ ಹೊತ್ತು.

ತುದಿ ಬಲಕ್ಕೆ. ಲೋಟ ಎಲೆಯ ಮೇಲೇ ಇತ್ತು, ಎಡಗಡೆ, ಅಂಚಿನವರೆಗೆ ನೀರು ತುಂಬಿಕೊಂಡು. ಒಂದು ಹನಿ ಚೆಲ್ಲಿರಲಿಲ್ಲ.

ಆಗ ನನಗಾದದ್ದು ಭಯವೋ ಏನೋ ಹೇಳಲಾರೆ. ಈ ಎಲೆ ಯಾರದ್ದು ಎನ್ನುವುದೊಂದೇ ತಲೆಯಲ್ಲಿ ಹೊಡೆದುಕೊಳ್ಳತೊಡಗಿತು. ಬಾಯಿ ಬಿಟ್ಟರೆ ಮೆಸ್ಸಿನ ಆಸೆ ಅಲ್ಲಿಗೆ ಮುಗಿಯಿತು ಎಂದು ಗೊತ್ತಿತ್ತು. ಆದರೂ ಕೂಗಿದೆ.

"ಮೇಡಂ, ಈ ಜಾಗದ ಹುಡುಗಿ ಎಲ್ಲಿ?"

ಎಲ್ಲರ ಕಣ್ಣೂ ಒಟ್ಟಿಗೆ ತೆರೆದವು. ಮೇಡಂ ಮುಖ ಕೆಂಪಗೆ ಮಾಡಿಕೊಂಡು ಹತ್ತಿರ ಬಂದು, "ಏನ್ರೀ ಇದು? ಊಟ ಆದ್ಮೇಲೆ ಮಾತಾಡೋಣ" ಎಂದು ಪಿಸುಗುಟ್ಟಿದರು.

"ಊಟ ಆಮೇಲೆ. ಅವಳು ಎಲ್ಲಿ ಇರ್ತಾಳೆ ಹೇಳಿ."

"ಕುಡ್ದಿದಾನಾ ಇವ್ನು?" ಎಂದರು ಆಫೀಸಿನವರಲ್ಲೊಬ್ಬರು. ಆ ಮಾತು ಇವತ್ತಿಗೂ ಚುಚ್ಚುತ್ತದೆ. ಜನ್ಮದಲ್ಲಿ ಒಂದು ತೊಟ್ಟು ಮುಟ್ಟಿದವನಲ್ಲ ನಾನು.

ಸಾಲಿನಲ್ಲಿದ್ದ ಅವಳ ಗೆಳತಿಯೊಬ್ಬಳು ಎದ್ದು ನಿಂತಳು. "ಅವಳ ಹೆಸರು ಅನುಷಾ, ಮೇಡಂ. ಗೇಟಿನ ಆಚೆ ಬಾಡಿಗೆ ರೂಮು. ಬಟ್ಟೆ ಒಗೆದು ಸ್ನಾನ ಮಾಡಿ ಬಂದ್ಬಿಡ್ತೀನಿ ಅಂದಿದ್ಳು. ಫೋನು ನಿಮ್ಮ ಪೆಟ್ಟಿಗೇಲೇ ಇದೆ."

ಮೇಡಂ ಮುಖದ ಕೆಂಪು ಇಳಿದು ಬೇರೆ ಬಣ್ಣ ಬಂತು. ಅವರು ವಾದ ಮಾಡಲಿಲ್ಲ. "ಗಾಡಿ ಇದೆಯಾ ನಿಮ್ಮ ಹತ್ರ?" ಎಂದಷ್ಟೇ ಕೇಳಿದರು. ಪಾತ್ರೆ ತುಂಬಿದ್ದ ನನ್ನ ವ್ಯಾನಿನಲ್ಲಿ ಮೇಡಂ, ಸೆಲ್ವಿ, ಆ ಗೆಳತಿ ಹತ್ತಿದರು. ಹಿಂದೆ ಕೊಳದಪ್ಪಲೆಗಳು ಒಂದಕ್ಕೊಂದು ಬಡಿಯುತ್ತಿದ್ದವು. ಗೆಳತಿ ದಾರಿ ತೋರಿಸುತ್ತಿದ್ದಳು.

ರೂಮಿನ ಬಾಗಿಲು ಸುಮ್ಮನೆ ಮುಂದೆ ಮಾಡಿತ್ತು. ಬಚ್ಚಲಿನ ಬಾಗಿಲು ಒಳಗಿನಿಂದ ಚಿಲಕ. ಒಳಗೆ ನೀರು ಬೀಳುವ ಸದ್ದು. "ಅನೂ, ಏ ಅನೂ" ಎಂದು ಗೆಳತಿ ಬಡಿದಳು, ಉತ್ತರವಿಲ್ಲ. ನಾನು ಒದ್ದೆ. ಮೂರನೇ ಒದೆತಕ್ಕೆ ಚಿಲಕ ಕಿತ್ತುಬಂತು. ನನ್ನನ್ನು ಪಕ್ಕಕ್ಕೆ ತಳ್ಳಿ ಸೆಲ್ವಿ ಮೊದಲು ನುಗ್ಗಿದಳು, ಕೈಗೆ ಸಿಕ್ಕ ಬೆಡ್‌ಶೀಟು ಹೊದಿಸಿ ಹುಡುಗಿಯನ್ನು ಹೊರಗೆ ಎಳೆದಳು. ಗೋಡೆಯಲ್ಲಿ ಗ್ಯಾಸ್ ಗೀಸರ್ ಉರಿಯುತ್ತಲೇ ಇತ್ತು. ಗಾಳಿ ಆಡಲು ಇದ್ದ ಒಂದೇ ಕಿಂಡಿಗೆ ಯಾರೋ ರಟ್ಟು ಹೊಡೆದು ಮುಚ್ಚಿದ್ದರು, ಗೀಸರಿನ ವಿಷಗಾಳಿ ಒಳಗೇ ತುಂಬಿತ್ತು.

ಹುಡುಗಿಗೆ ಉಸಿರು ಇತ್ತು, ಅಷ್ಟೇ. ಭದ್ರಾವತಿಯ ಆಸ್ಪತ್ರೆಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ. ಆ ಸಂಜೆ ಪೂರ್ತಿ ನಾನು ಮತ್ತು ಸೌಮ್ಯಾ ಮೇಡಂ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆವು. ನನ್ನ ಅಂಗಿಯ ಮೇಲೆ ಪಲ್ಯದ ಎಣ್ಣೆ ಹಾಗೇ ಇತ್ತು. ದೀಪ ಹಚ್ಚುವ ಹೊತ್ತಿಗೆ ನರ್ಸು ಬಂದು, ಕಣ್ಣು ಬಿಟ್ಟಳು, ನೀರು ಕೇಳಿದಳು ಎಂದರು. ಮೇಡಂ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು.

ಕುಂಸಿಯಿಂದ ಅವಳ ತಂದೆ ಬಂದರು. ನನ್ನ ಎರಡೂ ಕೈ ಹಿಡಿದುಕೊಂಡು, "ನಿಮ್ಗೆ ಹೆಂಗೆ ಗೊತ್ತಾಯ್ತು ಸ್ವಾಮಿ?" ಎಂದು ಕೇಳಿದರು. ಮಗಳ ಎಲೆ ಸತ್ತವರ ಎಲೆಯ ಹಾಗೆ ತಿರುಗಿತ್ತು ಎಂದು ಹೆತ್ತವರಿಗೆ ಹೇಳುವುದು ಹೇಗೆ? "ಊಟಕ್ಕೆ ಬರ್ಲಿಲ್ವಲ್ಲ ಅಂತ ನೋಡಕ್ಕೆ ಹೋದ್ವಿ" ಎಂದೆ. ಅವರಿಗೆ ಅಷ್ಟು ಸಾಕಾಯಿತು. ಹುಡುಗಿಗೂ ಏನೂ ನೆನಪಿಲ್ಲ. ತಲೆ ಸುತ್ತಿತು, ಕೂತೆ, ಅಷ್ಟೇ ಎಂದಳಂತೆ.

ಎಷ್ಟೋ ದಿನದ ಮೇಲೆ ಮೇಡಂಗೆ, ಸೆಲ್ವಿಗೆ ಮಾತ್ರ ನಡೆದದ್ದೆಲ್ಲ ಹೇಳಿದೆ. ಮೇಡಂ ನಗಲಿಲ್ಲ. "ಬೆಳಿಗ್ಗೆ ಕಾಫಿ ಕೊಡುವಾಗ ನೀವು ಅವಳ ಮುಖ ನೋಡಿರ್ತೀರಿ. ಏನೋ ಸರಿ ಇಲ್ಲ ಅಂತ ಮನಸ್ಸಿಗೆ ಅನ್ನಿಸಿದೆ. ನಿಮಗೇ ಗೊತ್ತಿಲ್ದೆ ನಿಮ್ಮ ಕೈ ಆ ಎಲೆ ತಿರುಗಿಸಿದೆ" ಎಂದರು. ಓದಿದವರು, ಇರಬಹುದು. ಆದರೆ ನನ್ನ ಕೈ ಎಷ್ಟು ಸಾವಿರ ಎಲೆ ಹಾಕಿದೆ, ಎಲೆ ತಿರುಗಿದರೆ ಅದಕ್ಕೆ ಗೊತ್ತಾಗದೆ ಇರುತ್ತದೆಯೇ? ಮೇಲಾಗಿ ಬೆಳಿಗ್ಗೆ ಕಾಫಿ ಕೊಟ್ಟವನು ನಾನಲ್ಲ, ಸೆಲ್ವಿ. ಸೆಲ್ವಿ, ಇದೆಲ್ಲ ಅಮ್ಮನವರ ಮಹಿಮೆ ಎಂದು ಕೈಮುಗಿದು, ತಾನು ಮುಟ್ಟಿಲ್ಲವೆಂದು ಮಗನ ತಲೆ ಮುಟ್ಟಿ ಆಣೆ ಇಟ್ಟಳು. ಮಹಿಮೆಯಾದರೆ ಹುಡುಗಿಯನ್ನು ಬಚ್ಚಲಿಗೇ ಕಳಿಸದೆ ಇರಬಹುದಿತ್ತಲ್ಲ ಎಂದರೆ ಸಿಟ್ಟು ಮಾಡಿಕೊಳ್ಳುತ್ತಾಳೆ. ಇಬ್ಬರ ಮಾತೂ ನನಗೆ ಹಿಡಿಸಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದಿದ್ದೇನೆ.

ಹಾಸ್ಟೆಲ್ ಮೆಸ್ಸು ಬೇರೆಯವರ ಪಾಲಾಯಿತು. ಈಗ ನನಗೆ ಶಿವಮೊಗ್ಗದ ರಾಗಿಗುಡ್ಡದ ಹತ್ತಿರ ಎರಡು ಕೋಣೆಯ ಸ್ವಂತ ಮನೆ, ಒಬ್ಬಳು ಹೆಂಡತಿ, ಇಬ್ಬರು ಮಕ್ಕಳು, ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಚಿಕ್ಕ ಖಾನಾವಳಿ, ಅದರಲ್ಲಿ ಆರು ಮೇಜು. ಶಿವಮೊಗ್ಗಕ್ಕೆ ಬಂದಾಗಲೆಲ್ಲ ಒಂದು ಮೇಜಿಗೆ ಅನುಷಾ ಬಂದು ಕೂರುತ್ತಾಳೆ, ಎರಡು ಸಲ ಹುಳಿ ಹಾಕಿಸಿಕೊಳ್ಳುತ್ತಾಳೆ.